ವೇದಿಕೆಗೆ ಕರೆಯದ ಡ್ರೈವರ್

ಪ್ರತಿ ಗುರುವಾರ ಮಧ್ಯಾಹ್ನ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಸೈಕಲ್ಲುಗಳನ್ನು ಗೋಡೆಗೆ ಸರಿಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕುವವಳು ಸಿಸ್ಟರಮ್ಮನೇ. ಶ್ವಾಸಕೋಶದ ಕ್ಯಾನ್ಸರ್ ಆದವರು ಅಲ್ಲಿ ಸೇರುತ್ತಿದ್ದರು. ಏದುಸಿರು ಬಂದಾಗ ತುಟಿ ಚೂಪು ಮಾಡಿ ನಿಧಾನಕ್ಕೆ ಉಸಿರು ಬಿಡುವುದನ್ನು ಅವಳು ಹೇಳಿಕೊಡುತ್ತಿದ್ದಳು. ಉಳಿದ ಹೊತ್ತೆಲ್ಲ ಅವರ ಮಾತಿಗೆ: ನಾಲಗೆಗೆ ರುಚಿ ಹತ್ತದ್ದು, ನಿದ್ದೆ ಬಾರದ್ದು, ಮನೆಯವರೆದುರು ಅಳಲಾಗದ್ದು. ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಹಿಂದೆ ಬಿದ್ದು, ಕಾಡಿ ಬೇಡಿ ಈ ಗುಂಪು ಕಟ್ಟಿದ್ದೂ ಅವಳೇ.

ಗುಂಪಿನ ಜೀವಾಳವೆಂದರೆ ನಿವೃತ್ತ ಬಸ್ ಡ್ರೈವರೊಬ್ಬರು. ಅವರು ಕೆಮ್ಮಿದರೆ ಕಿಟಕಿ ಗಾಜು ಅದುರುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಹಾರ್ನ್ ಅಣ್ಣ. ಕೆಮ್ಮಿ ಕಣ್ಣೀರು ಒರೆಸಿಕೊಂಡು, "ಇಷ್ಟು ಹಾರ್ನ್ ಹೊಡೆದ್ರೂ ಯಾರೂ ಸೈಡ್ ಕೊಡಲ್ವಲ್ರೀ!" ಎನ್ನುತ್ತಿದ್ದರು. ಹೊಸಬರು ಬಾಗಿಲಲ್ಲೇ ಹಿಂದೆಮುಂದೆ ನೋಡುತ್ತ ನಿಂತರೆ, "ಬನ್ನಿ ಬನ್ನಿ, ಮುಂದೆ ಸೀಟು ಖಾಲಿ ಇದೆ" ಎಂದು ಕೈಹಿಡಿದು ಕರೆತರುತ್ತಿದ್ದರು. ಸ್ಟೀರಿಂಗ್ ಹಿಡಿದಷ್ಟೂ ವರ್ಷ ಸಿಗರೇಟು ಸೇದಿದ್ದನ್ನು ಅವರು ಯಾರಲ್ಲೂ ಮುಚ್ಚಿಟ್ಟವರಲ್ಲ.

ಆಸ್ಪತ್ರೆಯಲ್ಲಿ ಹೊಸ ವಾರ್ಡು ತೆರೆಯುವ ಸಮಾರಂಭ ಬಂತು. ಗುಂಪಿನಿಂದ ಒಬ್ಬರು ಮಾತಾಡಬೇಕು, ಯಾರಾಗಬಹುದೆಂದು ಮೇಟ್ರನ್ ಕೇಳಿದರು. ಸಿಸ್ಟರಮ್ಮ ಒಂದು ಗಳಿಗೆಯೂ ಯೋಚಿಸದೆ ಟೈಲರಮ್ಮ ಎಂದಳು. ಬಟ್ಟೆ ಹೊಲಿದು ಮಗಳನ್ನು ಓದಿಸುತ್ತಿದ್ದ ಆ ಹೆಂಗಸು ಸಿಗರೇಟಿನ ಹತ್ತಿರ ಸುಳಿದವಳಲ್ಲ. ಅವಳನ್ನು ನೋಡಿದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಹಾರ್ನ್ ಅಣ್ಣನನ್ನು ನೋಡಿದರೆ ಜನ ಬೇರೆ ಏನನ್ನೋ ಅಂದುಕೊಳ್ಳುತ್ತಾರೆ. ಹೀಗಿತ್ತು ಅವಳ ಲೆಕ್ಕಾಚಾರ.

ಆ ವಾರ ಹಾರ್ನ್ ಅಣ್ಣನೇ ಬಂದು ಕೇಳಿದರು. "ಸಿಸ್ಟರಮ್ಮ, ನಾನೂ ಎರಡು ಮಾತಾಡ್ಲಾ? ಹೆದರ್ಕೊಂಡು ಬಾಗಿಲಿಂದಲೇ ವಾಪಸ್ ಹೋಗ್ತಾರಲ್ಲ, ಅವರಿಗೆ ಏನೋ ಹೇಳ್ಬೇಕು ಅನ್ಸುತ್ತೆ."

"ಸಮಯ ತುಂಬಾ ಕಮ್ಮಿ ಅಣ್ಣಾ, ಒಬ್ಬರಿಗೇ ಅವಕಾಶ."

"ಸರಿ ಬಿಡಮ್ಮ. ನಾವು ಚಪ್ಪಾಳೆ ಹೊಡೆಯೋ ಪಾರ್ಟಿ" ಎಂದು ನಕ್ಕರು.

ಸಮಾರಂಭದ ದಿನ ಹೆಂಡತಿಯ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತರು. ಸಿಸ್ಟರಮ್ಮ ಮೈಕ್ ಹಿಡಿದು ಟೈಲರಮ್ಮನನ್ನು ಪರಿಚಯಿಸಿದಳು. "ಇವರು ಯಾವ ತಪ್ಪೂ ಮಾಡಿದವರಲ್ಲ. ಜೀವನದಲ್ಲಿ ಒಂದು ಸಿಗರೇಟೂ ಮುಟ್ಟಿದವರಲ್ಲ. ಆದರೂ ಈ ಕಾಯಿಲೆ ಬಂತು."

ಸಭೆ ಅಯ್ಯೋ ಎಂದಿತು. ಮಾತು ಬಾಯಿಂದ ಜಾರಿದ ಮೇಲೆ ಅವಳ ಕಣ್ಣು ಹಾರ್ನ್ ಅಣ್ಣನ ಮೇಲೆ ಬಿತ್ತು. ಅವರ ಹೆಂಡತಿ ತಲೆ ತಗ್ಗಿಸಿದ್ದರು. ಅವರು ಮಾತ್ರ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಸದ್ದು ಹೊರಬೀಳದಂತೆ ಬಗ್ಗಿ, ಕುರ್ಚಿಗಳ ನಡುವೆ ತೂರಿ ಹೊರಗೆ ಹೋದರು. ಸಿಸ್ಟರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಭಾಷಣ ಮುಗಿಸಿ ಕೆಳಗಿಳಿದ ಟೈಲರಮ್ಮ ಅವಳ ತೋಳು ಹಿಡಿದಳು. "ನಾನು ತಪ್ಪು ಮಾಡಿಲ್ಲ ಅಂದ್ರೆ, ಅವರು ಮಾಡಿದ್ದಾರೆ ಅಂತಲಾ ಸಿಸ್ಟರ್? ಮೊದಲ ದಿನ ಮೆಟ್ಟಿಲ ಮೇಲೆ ಅಳ್ತಾ ಕೂತಿದ್ದೆ. ಒಳಗೆ ಕರ್ಕೊಂಡು ಬಂದಿದ್ದು ಅಣ್ಣ ತಾನೇ?"



ಮುಂದಿನ ಗುರುವಾರ ಹಾರ್ನ್ ಅಣ್ಣ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಲು ಮುಖವಿಲ್ಲದೆ, ಕೊನೆಗೆ ಸಿಸ್ಟರಮ್ಮನೇ ಅವರ ಮನೆಗೆ ಹೋದಳು. ಬಾಗಿಲು ತೆಗೆದ ಹೆಂಡತಿ ಒಳಗೆ ಬನ್ನಿ ಎನ್ನಲಿಲ್ಲ.

"ಸಿಟ್ಟು ಬಂದಾಗ ನಾನೂ ಅಂತಿದ್ದೆ ಸಿಸ್ಟರ್, 'ನೀವೇ ತಂದ್ಕೊಂಡಿದ್ದು, ಅನುಭವಿಸಿ' ಅಂತ. ಅದಕ್ಕೇ ಗುರುವಾರ ಬಂತು ಅಂದ್ರೆ ಅವರಿಗೆ ಜೀವ ಬರ್ತಿತ್ತು. ಅಲ್ಲಿ ಯಾರೂ ಹಾಗನ್ನಲ್ಲ ಕಣೇ ಅಂತಿದ್ರು."

ಒಳಗಿನಿಂದ ಕ್ಷೀಣ ದನಿ ಕೇಳಿತು. "ಒಳಗೆ ಕರಿಯೇ."

ಅವರು ದಿಂಬಿಗೆ ಒರಗಿದ್ದರು. ಸಿಸ್ಟರಮ್ಮ ದಾರಿಯುದ್ದಕ್ಕೂ ಬೇರೆ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. "ಸಮಯ ಇಲ್ಲ ಅಂದಿದ್ದು ಸುಳ್ಳು ಅಣ್ಣಾ. ನಿಮ್ಮನ್ನ ಜನರ ಮುಂದೆ ನಿಲ್ಲಿಸೋಕೆ ನನಗೇ ಸಂಕೋಚ ಆಯ್ತು" ಎಂದಷ್ಟೇ ಹೇಳಿದಳು.

"ಅವತ್ತೇ ಗೊತ್ತಾಯ್ತಮ್ಮ" ಎಂದರು ಅವರು. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. "ಪರವಾಗಿಲ್ಲ ಅಂತ ಹೇಳಿ ಕಳಿಸಬಹುದು. ನಿಮಗೂ ಹಗುರಾಗುತ್ತೆ. ಆದ್ರೆ ನನ್ನಿಂದ ಆಗ್ತಿಲ್ಲ."

ಅವಳು ತಲೆಯಾಡಿಸಿ ಎದ್ದು ಬಂದಳು. ಗುರುವಾರ ಗುಂಪಿನೆದುರು ನಡೆದದ್ದನ್ನೆಲ್ಲ ಒಪ್ಪಿಕೊಂಡಳು. "ಸೇದಿದ್ರಾ, ಇಲ್ವಾ ಅಂತ ನಾನು ಬಾಯಲ್ಲಿ ಕೇಳದಿದ್ರೂ ಮನಸ್ಸಲ್ಲಿ ಭಾಗ ಮಾಡ್ತಿದ್ದೆ" ಎಂದಾಗ ಅವಳ ಕಿವಿ ಕೆಂಪಗಾಗಿತ್ತು. ಯಾರೂ ಸಮಾಧಾನ ಹೇಳಲಿಲ್ಲ. ಸೇದಿದ ಒಬ್ಬಿಬ್ಬರು ನೆಲ ನೋಡುತ್ತ ಕೂತರು.

ತಿಂಗಳ ಮೇಲೆ ಹಾರ್ನ್ ಅಣ್ಣ ಮತ್ತೆ ಬಂದರು. ಟೈಲರಮ್ಮನೇ ಹೋಗಿ ಆಟೋದಲ್ಲಿ ಕರೆತಂದಿದ್ದಳು. ಅವಳ ಪಕ್ಕದಲ್ಲೇ ಕೂತು, ಎಲ್ಲರನ್ನೂ ನಗಿಸಿದರು. ಸಿಸ್ಟರಮ್ಮ ಕೇಳಿದ್ದಕ್ಕೆ ಮಾತ್ರ ಚುಟುಕಾಗಿ ಉತ್ತರ ಕೊಡುತ್ತಿದ್ದರು. ನಡೆಯಲಾಗುವವರೆಗೂ ಬಂದರು, ಆಮೇಲೆ ತೀರಿಕೊಂಡರು.

ಅಷ್ಟು ದಿನವೂ ಅವಳು ಅವರ ಬಾಯಿಂದ ಒಂದು ಮೆದು ಮಾತಿಗಾಗಿ ಒಳಗೊಳಗೇ ಕಾದಿದ್ದಳು. ಸಾಯುತ್ತಿರುವ ಮನುಷ್ಯನಿಂದಲೂ ತನಗೇ ಏನೋ ಬೇಕಾಗಿತ್ತಲ್ಲ ಎಂಬುದು ಹೊಳೆದ ದಿನ, ವಾರ್ಡಿನ ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಕೈ ತೊಳೆಯುತ್ತ ನಿಂತಿದ್ದಳು.