ಎಂಟು ಚಕ್ರಗಳ ಗೋಳ

ಬಿಸ್ಕತ್ತಿನ ಹಳೆಯ ಡಬ್ಬಿಯನ್ನು ತೆರೆದಾಗ ಹಲಸಿನ ಮರ ಮತ್ತು ಯಂತ್ರದ ಎಣ್ಣೆ ಬೆರೆತ ವಾಸನೆ ಬಂತು. ಓದುಗರೇ, ಆ ವಾಸನೆಯ ಒಡೆಯರು ಈಗಿಲ್ಲ. ಅವರು ನನ್ನ ಸೋದರಮಾವ. ತುಳುವಿನಲ್ಲಿ ತಮ್ಮಲೆ ಎನ್ನುತ್ತಿದ್ದೆ. ತೀರಿಕೊಂಡು ತಿಂಗಳಾಯಿತು. ಮಾವನ ಸೊತ್ತು ಸೋದರಿಯ ಮಕ್ಕಳಿಗೆ ಸೇರುವ ಅಳಿಯಕಟ್ಟಿನ ಕಾಲ ಮುಗಿಯಿತೆನ್ನುತ್ತಾರೆ. ಆದರೂ ಅವರ ಹೆಂಡತಿ, ನಮ್ಮ ಮಾಮಿ, ಕುಲಶೇಖರ ಬಡಾವಣೆಯ ಮನೆಯ ಜಗಲಿಯಲ್ಲಿ ಡಬ್ಬಿಯನ್ನು ನನ್ನ ಮಡಿಲಿಗಿಟ್ಟು, "ಮನೆ ನನಗಿರ್ಲಿ. ಇದು ನಿಂಗೆ ಸೇರಿದ್ದು," ಎಂದರು.

ತಮ್ಮಲೆ ಮೀನುಗಾರಿಕೆ ಬೋಟುಗಳ ಎಂಜಿನಿನ ಭಾಗಗಳನ್ನು ಲೇತ್ ಯಂತ್ರದಲ್ಲಿ ಕಡೆಯುತ್ತಿದ್ದವರು. ನಾನು ಮನೆತನದ ಮೊದಲ ಪದವೀಧರೆ. ಪದವಿ ಕೈಗೆ ಬರುವ ಮೊದಲೇ ಆಸ್ಪತ್ರೆಯ ಚೀಟಿಯಿಂದ ಮದುವೆಯ ಕಾಗದದವರೆಗೆ ಎಲ್ಲವೂ ನನ್ನ ಕಣ್ಣು ಹಾಯ್ದೇ ಮುಂದೆ ಹೋಗುತ್ತಿದ್ದವು. ತಪ್ಪಾಗಬಾರದೆಂಬ ಭಯ ಆಗ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಈಗಲೂ ರಜೆಯ ಅರ್ಜಿಯನ್ನು ಮೂರು ಸಲ ತಿದ್ದುತ್ತೇನೆ.

ಎಂಜಿನಿಯರಿಂಗಿನ ಕೊನೆಯ ವರ್ಷದ ಪ್ರದರ್ಶನಕ್ಕೆ ಚಲಿಸುವ ಶಿಲ್ಪವೊಂದನ್ನು ಕಲ್ಪಿಸಿದ್ದೆ. ಹನ್ನೆರಡು ಪಂಚಕೋನ ಮುಖಗಳ, ಗೋಳದಂಥ ಘನಾಕೃತಿ, ಮುಖಕ್ಕೊಂದು ಹಲ್ಲುಚಕ್ರ. ಒಂದನ್ನು ಬೆರಳಿನಿಂದ ತಿರುಗಿಸಿದರೆ ಗೋಳದ ಮೈಯೆಲ್ಲ ತಿರುಗಬೇಕು. ನಕ್ಷೆ ನೋಡಿ ತಮ್ಮಲೆ ತಲೆ ಕೆರೆದುಕೊಂಡರು.

"ಇಲ್ಲಿ ಮೂರು ಚಕ್ರ ಒಂದಕ್ಕೊಂದು ಕಚ್ತದಲ್ಲ ಮಾರಾಯ್ತಿ. ಒಂದು ಬಲಕ್ಕೆ ಹೋದ್ರೆ ಪಕ್ಕದ್ದು ಎಡಕ್ಕೆ. ಮೂರನೇದು ಎಂತ ಮಾಡುದು, ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುದಾ?"

"ಕೋನ ಎಲ್ಲ ಲೆಕ್ಕ ಮಾಡಿದ್ದೇನೆ ತಮ್ಮಲೆ. ಸರಿ ಉಂಟು."

ಕೋನಗಳು ಸರಿಯಾಗಿಯೇ ಇದ್ದವು, ದಶಮಾಂಶದ ಮೂರನೆಯ ಸ್ಥಾನದವರೆಗೆ. ತಿರುಗುವ ದಿಕ್ಕನ್ನು ಮಾತ್ರ ನಾನು ಯೋಚಿಸಿರಲಿಲ್ಲ. "ನೀನು ಓದಿದವಳು, ಆಯ್ತು," ಎಂದು ಅವರು ಹಲಸಿನ ಮರದ ಬಿಲ್ಲೆಗಳಿಗೆ ಅರ ಹಿಡಿದು, ಒಂದೊಂದೇ ಹಲ್ಲು ತೀಡಿದರು. ಚಕ್ರಗಳನ್ನು ಕೂರಿಸಿ ಮುಗಿದದ್ದು ಪ್ರದರ್ಶನದ ಬೆಳಿಗ್ಗೆಯೇ; ತಿರುಗಿಸಿ ನೋಡಲು ಹೊತ್ತಿರಲಿಲ್ಲ.

ಅಂದು ಅವರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಪರೀಕ್ಷಕರು ಬೆರಳಿಟ್ಟರು. ಗೋಳ ಅಲುಗಲಿಲ್ಲ. ಯಾಕೆಂದು ಕೇಳಿದರು. ಕಾರಣ ನನಗೆ ಆ ಕ್ಷಣವೇ ಹೊಳೆದಿತ್ತು. ಆದರೂ, "ಹಲ್ಲು ಕೈಯಲ್ಲಿ ತೀಡಿದ್ದು ಸರ್, ಅಳತೆ ತಪ್ಪಿರಬೇಕು," ಎಂದೆ.

ತಮ್ಮಲೆ ನನ್ನನ್ನು ನೋಡಲಿಲ್ಲ. "ಹೌದು ಸರ್. ನನ್ನ ಕಣ್ಣು ಮೊದಲಿನ ಹಾಗೆ ಇಲ್ಲ," ಎಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಕಂಕನಾಡಿಯವರೆಗೂ ಗೋಳವನ್ನು ಅವರೇ ಮಡಿಲಲ್ಲಿ ಹಿಡಿದು ಕೂತಿದ್ದರು. ಮತ್ತೆಂದೂ ಅದರ ಮಾತೆತ್ತಲಿಲ್ಲ. ಎತ್ತಬೇಕಾದವಳು ನಾನು, ಸರಿಯಾದ ವಾಕ್ಯಕ್ಕಾಗಿ ಕಾಯುತ್ತ ವರ್ಷಗಳನ್ನು ಕಳೆದೆ.

ಡಬ್ಬಿಯಲ್ಲಿದ್ದುದು ಇನ್ನೊಂದು ಗೋಳ. ಎಂಟು ತ್ರಿಕೋನ ಮುಖಗಳು, ಎಂಟು ಚಕ್ರಗಳು. ಪ್ರತಿ ಮೂಲೆಯಲ್ಲಿ ಸೇರುವುದು ನಾಲ್ಕು: ಕೆಂಪು, ಕಪ್ಪು, ಕೆಂಪು, ಕಪ್ಪು. ಯಾವ ಕೆಂಪೂ ಕೆಂಪನ್ನು ಕಚ್ಚದು. ಅಚ್ಚುಗಳಿಗೆ ಈಚೆಗೆ ಎಣ್ಣೆ ಬಿಟ್ಟ ಗುರುತಿತ್ತು. ಒಂದನ್ನು ತಿರುಗಿಸಿದೆ. ಎಂಟೂ ತಿರುಗಿದವು, ಕೆಂಪು ಬಲಕ್ಕೆ, ಕಪ್ಪು ಎಡಕ್ಕೆ.

"ಇದು ಎಷ್ಟು ಚಂದ ತಿರುಗ್ತದೆ. ನಿನ್ನ ಕಾಲೇಜಿಂದು ಯಾಕೆ ತಿರುಗ್ಲಿಲ್ಲ?" ಎಂದರು ಮಾಮಿ. "ಕಣ್ಣು ಮಂಜು ಅಂತ ನನ್ನ ಹತ್ರವೂ ಹೇಳಿದ್ರು. ಪೇಪರ್ ಮಾತ್ರ ಕೊನೇವರೆಗೂ ಕನ್ನಡಕ ಇಲ್ಲದೆ ಓದ್ತಿದ್ರು."

"ನನ್ನ ನಕ್ಷೆಯೇ ತಪ್ಪು ಮಾಮಿ. ಅವರು ಮೊದಲೇ ಹೇಳಿದ್ರು. ನಾನು ಅವರ ಮೇಲೆ ಹಾಕಿದೆ."

ತಿದ್ದದೆ ಆಡಿದ ಮಾತು ಅದೊಂದೇ ಇರಬೇಕು.

"ಈಗ ನನ್ನ ಹತ್ರ ಹೇಳಿ ಎಂತ ಮಗಾ," ಎಂದು, ಮಾಮಿ ಸೆರಗಿನ ತುದಿಯಿಂದ ನನ್ನ ಬೆರಳಿನ ಎಣ್ಣೆಯನ್ನು ಒರೆಸಲು ಬಂದರು.

ಬೇಡ, ಎಣ್ಣೆ ಇರ್ಲಿ ಎಂದೆ.