ಒಂದು ನಂಬರ್ ಜಾಸ್ತಿ

ಮುಂಡರಗಿಯ ಪೇಟೆಯಲ್ಲಿ ಮೋಟಾರು-ಪಂಪಿನ ಅಂಗಡಿ ಇಟ್ಟಿರುವ ಸಂಗಪ್ಪನಿಗೆ ಎಚ್‌ಪಿ ಸಂಗಪ್ಪ ಎಂಬ ಹೆಸರು ಬಿದ್ದು ಇಪ್ಪತ್ತೈದು ವರ್ಷವಾಯಿತು. ಇಟ್ಟವರು ಕುಹಕಕ್ಕೆ ಇಟ್ಟರೋ ಭಕ್ತಿಗೆ ಇಟ್ಟರೋ, ಅವನಂತೂ ಅದನ್ನು ಬಿರುದೆಂದೇ ತಿಳಿದು ಅಂಗಡಿಯ ಬೋರ್ಡಿನ ಮೇಲೆ ಬರೆಸಿಕೊಂಡ. ಲೋಕದ ಸಕಲ ಸಂಗತಿಯನ್ನೂ ಅವನು ಎಚ್‌ಪಿಯಲ್ಲೇ ಅಳೆಯುತ್ತಿದ್ದ. ಊರಿಗೆ ಹೊಸ ತಹಶೀಲ್ದಾರರು ಬಂದರೆ, "ಮೂರ ಎಚ್‌ಪಿ ಮನಷ್ಯಾ, ಭಾಳ ಎತ್ತೂದಿಲ್ಲ" ಎಂದುಬಿಡುತ್ತಿದ್ದ. ಓಣಿಯ ನಲ್ಲಿಯ ಹತ್ತಿರ ಜಗಳಕ್ಕೆ ನಿಲ್ಲುವ ಹೆಂಗಸು ಹನ್ನೆರಡೂವರೆ. ಹೆಂಡತಿ ಸುಮಿತ್ರವ್ವ ಎಷ್ಟು ಎಂದು ಯಾರೋ ಕೇಳಿದಾಗ ಮಾತ್ರ ಆಚೀಚೆ ನೋಡಿ, ಕೇಳಿದವನಿಗೆ ಚಹಾ ತರಿಸಿದ್ದ.

ಅವನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ಒಂದು ನಂಬರ್ ಜಾಸ್ತಿ. ಈ ಸೀಮೆಯ ಹೊಲಗಳಲ್ಲಿ ಕರೆಂಟು ಬರುವುದೇ ಅಪರೂಪ, ಬಂದರೂ ವೋಲ್ಟೇಜು ಇರುವುದಿಲ್ಲ, ಮೋಟಾರು ಗೊರಗೊರ ಅಂದು ಸುಟ್ಟುಹೋಗುತ್ತದೆ. ಅದಕ್ಕೇ ಬೋರಿಗೆ ಐದು ಎಚ್‌ಪಿ ಸಾಕೆನಿಸಿದರೆ ಏಳೂವರೆ ಇಳಿಸಬೇಕು, ಏಳೂವರೆ ಸಾಕೆನಿಸಿದರೆ ಹತ್ತು. ಬೆಳ್ಳಟ್ಟಿಯಿಂದ ಶಿಗ್ಲಿಯವರೆಗೆ ರೈತರು ಈ ಮಾತನ್ನು ಮಂತ್ರದಂತೆ ಒಪ್ಪಿದರು. ಒಳಗೆ ನೀರು ಎಷ್ಟಿದೆ ಎಂದು ಸಂಗಪ್ಪ ಒಬ್ಬರನ್ನೂ ಕೇಳಲಿಲ್ಲ. ಅದು ಬೋರು ಕೊರೆಸಿದವನ ಹಣೆಬರಹ, ಮೋಟಾರು ಮಾರುವವನಿಗೆ ಏನು ಸಂಬಂಧ? ಹೊಳೆದಂಡೆಯ ತಿರಕಪ್ಪನೊಬ್ಬ ಮಾತ್ರ, ತನ್ನ ಸಣ್ಣ ಬೋರಿಗೆ ಏಳೂವರೆ ಇಳಿಸಿ ಮೂರು ಸಲ ಮೋಟಾರು ಸುಟ್ಟುಕೊಂಡ ಮೇಲೆ, ಅಂಗಡಿಯ ಕಡೆ ಬರುವುದನ್ನೇ ಬಿಟ್ಟು ಹರಿಗೋಲು ಹಾಕಿ ಮೀನು ಹಿಡಿಯತೊಡಗಿದ್ದ. ವೋಲ್ಟೇಜಿನ ದೋಷವೆಂದು ಸಂಗಪ್ಪ ಅವನನ್ನು ಮರೆತೂ ಬಿಟ್ಟಿದ್ದ.

ಇಂಥವನಿಗೆ ಬೋಟಿನ ಹುಚ್ಚು ಹಿಡಿದದ್ದು ಬೀಗರಿಂದ. ಮಗಳು ಸುಶ್ಮಿತಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಅವಳ ಮಾವ ಫಕೀರೇಶಪ್ಪ ಯುಗಾದಿಗೆ ಐವತ್ತೈದು ಎಚ್‌ಪಿಯ ಟ್ರ್ಯಾಕ್ಟರ್ ತಂದು, ಅದರ ಮುಂದೆ ನಿಂತ ತನ್ನ ಫೋಟೋವನ್ನು ಬೀಗರಿಗೇ ಮೊದಲು ಕಳಿಸಿದ. ಸಂಗಪ್ಪ ಅವತ್ತು ಊಟದ ತಾಟನ್ನು ಅರ್ಧಕ್ಕೇ ಸರಿಸಿ ಎದ್ದ. ಟ್ರ್ಯಾಕ್ಟರಿಗೆ ಟ್ರ್ಯಾಕ್ಟರ್ ತಂದರೆ ನಕಲು ಮಾಡಿದಂತಾಗುತ್ತದೆ. ಹಮ್ಮಿಗಿ ಬ್ಯಾರೇಜಿನ ಹಿನ್ನೀರು ಕಣ್ಣು ಹಾಯುವಷ್ಟು ದೂರ ನಿಂತಿದೆ, ಅದರ ಮೇಲೆ ಲಕ್ಷ್ಮೇಶ್ವರದ ಯಾವ ಟ್ರ್ಯಾಕ್ಟರೂ ಓಡಲಾರದು ಎಂಬುದು ಅವನಿಗೆ ಬೆಳಗಿನ ಜಾವ ಹೊಳೆಯಿತು.

"ಬೋಟು ತರತೇನಿ. ಮನಿಮಂದಿ ಎಲ್ಲಾ ನೀರಮ್ಯಾಲ ತಿರಗ್ಯಾಡಿ ಬರೂಣು" ಎಂದ.

ಸುಮಿತ್ರವ್ವನಿಗೆ ನಿಜಕ್ಕೂ ಖುಷಿಯಾಯಿತು. "ಚಲೋ ಆತು ಬಿಡ್ರಿ. ನೀರ ನಡುವ ತಣ್ಣಗ ಕುಂತು ಗಿರಮಿಟ್ಟು, ಮಿರ್ಚಿ ತಿಂದು ಬರಬಹುದು. ಸಣ್ಣ ಎಂಜಿನ್ ತರ್ರಿ, ಸಪ್ಪಳ ಆಗಬಾರ್ದು."

ಸಣ್ಣದು! ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಗಸಿನ ಬಾಯಲ್ಲಿ ಇಂಥ ಮಾತು ಬಂದೀತೆಂದು ಸಂಗಪ್ಪ ಎಣಿಸಿರಲಿಲ್ಲ.

ಬೋಟು ಕಾರವಾರದ ಕಡೆಯದು, ಒಬ್ಬರು ಬಳಸಿ ಬಿಟ್ಟದ್ದು, ಐದು ಮಂದಿ ಕೂರುವಂಥದ್ದು. ತರಿಸಿಕೊಟ್ಟವನು ಶಾನವಾಜ. ಅವನು ಹತ್ತು ವರ್ಷ ಕಾರವಾರದಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಕಟ್ಟಿ, ಈಗ ಗದಗ-ಬೆಟಗೇರಿಯಲ್ಲಿ ಗ್ಯಾರೇಜು ಇಟ್ಟವನು. ಬೋಟಿನ ಹಿಂದಿನ ಹಲಗೆಗೆ ಒಂದು ಪುಟ್ಟ ತಗಡಿನ ಪಟ್ಟಿ ಬಡಿದಿತ್ತು. ಶಾನವಾಜ ಅದರ ಮೇಲೆ ಬೆರಳಿಟ್ಟ.

"ನೋಡ್ರಿ ಅಣ್ಣಾರ, ಹದಿನೈದು ಎಚ್‌ಪಿ ಅಂತ ಬರದಾರ. ಅದರ ಮ್ಯಾಲ ಹೋಗೂ ಹಂಗಿಲ್ಲ. ನಿಮ್ಮ ಕೆಲಸಕ್ಕ ಹತ್ತು ಸಾಕು."

"ಹತ್ತು ನಮ್ಮ ಹೊಲದ ಬೋರಿನಾಗ ಐತಿ. ಮನಿಮಂದಿ ಕುಂಡ್ರೂ ಬೋಟಿಗೂ ಹತ್ತೇನ?"

"ಬೋರಿಂದು ಬ್ಯಾರೆ, ಬೋಟಿಂದು ಬ್ಯಾರೆ ರಿ. ಎಂಜಿನ್ ದೊಡ್ಡದಾದಂಗ ತೂಕಾನೂ ದೊಡ್ಡದು. ಹಿಂದ ವಜ್ಜೆ ಬಿದ್ರ ಹಲಗಿ ನೀರಿಗೆ ಹತ್ತತೈತಿ."

"ವೋಲ್ಟೇಜ್ ಕಡಿಮಿ ಬಿದ್ರ?"

ಶಾನವಾಜ ಅವನ ಮುಖವನ್ನೇ ನೋಡಿದ. "ಇದು ಪೆಟ್ರೋಲ್ ಮ್ಯಾಲ ಓಡೂದ್ರಿ."

ಆದರೆ ಸಂಗಪ್ಪನ ತಲೆಯಲ್ಲಿ ಲೆಕ್ಕ ಆಗಲೇ ಶುರುವಾಗಿತ್ತು. ಹದಿನೈದು ಅಂತ ಕಂಪನಿಯವರು ಅಂಜಿ ಬರೆದಿರುತ್ತಾರೆ, ಹೀಗಾಗಿ ಇಪ್ಪತ್ತು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಒಂದು ನಂಬರ್ ಸೇರಿದರೆ ಇಪ್ಪತ್ತೈದು. ಬೀಗಿತಿಯ ಮೈಕಟ್ಟು ನೆನಪಾಗಿ ಮೂವತ್ತಕ್ಕೆ ಏರಿದ. ಕೊನೆಗೆ ಆ ಟ್ರ್ಯಾಕ್ಟರಿನ ಫೋಟೋ ಕಣ್ಣ ಮುಂದೆ ಬಂತು, ನಲವತ್ತಾಯಿತು. ಐವತ್ತೈದಕ್ಕೆ ಏರದೆ ನಿಂತದ್ದು ವಿವೇಕದಿಂದಲ್ಲ, ಶಾನವಾಜನಿಗೆ ಅಷ್ಟು ದೊಡ್ಡದು ಸಿಗಲಿಲ್ಲ. ಅವನು ಕಡೆಗೆ ಕೈ ಮುಗಿದು, "ಎಂಜಿನ್ ನೀವ ಕೂಡಿಸಿಕೊಳ್ರಿ. ಈ ಕಿತ್ತಳೆ ಜಾಕೀಟು ಮಾತ್ರ ಎಲ್ಲಾರೂ ಹಾಕ್ಕೊಬೇಕು" ಎಂದು ಐದು ಜಾಕೀಟು ಕೊಟ್ಟು ಹೊರಟುಹೋದ. ಸಂಗಪ್ಪ ಅಂಗಡಿಯ ಆಳುಗಳಿಂದ ಎಂಜಿನ್ ಕೂಡಿಸಿದ. ಆ ತಗಡಿನ ಪಟ್ಟಿ ಕಣ್ಣಿಗೆ ಚುಚ್ಚುತ್ತಿತ್ತು, ಕಿತ್ತು ಬಿಸಾಡಿದ.

ಭಾನುವಾರ ಬೀಗರು ಬಂದರು. ಮಗಳು ಬಸುರಿ, ಬಂದಿರಲಿಲ್ಲ. ಎಚ್‌ಪಿ ಸಂಗಪ್ಪ ಬೋಟು ತಂದಿದ್ದಾನೆ ಎಂಬ ಖಬರು ಹತ್ತಿ ದಂಡೆಯ ಮೇಲೆ ಐವತ್ತು ಮಂದಿ ಸೇರಿದ್ದರು. ಬೋಟು ನೀರಿಗೆ ಇಳಿದದ್ದೇ ತಡ, ಹಿಂಬದಿ ಕುಕ್ಕರಿಸಿತು, ಮೂತಿ ಮೇಲಕ್ಕೆದ್ದಿತು. ಹಿಂದಿನ ಹಲಗೆಗೂ ನೀರಿಗೂ ಒಂದು ಗೇಣು ಉಳಿಯಿತು. ಚಕ್ಕಡಿಯಲ್ಲಿ ಹಿಂದೆ ಭಾರವಾದರೆ ಮುಂದೆ ಚೀಲ ಹೇರುವುದು ಈ ಸೀಮೆಯ ಕೂಸಿಗೂ ಗೊತ್ತು. ಸಂಗಪ್ಪ ಎರಡು ಚೀಲ ಜೋಳ ತರಿಸಿ ಮೂತಿಯಲ್ಲಿ ಹಾಕಿದ. ಅದೂ ಸಾಲದಾಗ ಬೀಗಿತಿಯನ್ನು, "ಅಕ್ಕಾರ, ನಿಮಗ ಮುಂದಿನ ಜಾಗಾ, ಮಾನದ್ದು" ಎಂದು ಜೋಳದ ಪಕ್ಕದಲ್ಲಿ ಕೂರಿಸಿದ. ಆ ತಾಯಿ ಗೌರವವೆಂದೇ ತಿಳಿದು ಸೆರಗು ಸರಿಮಾಡಿಕೊಂಡು ಕೂತಳು. ಸುಮಿತ್ರವ್ವ ಗಿರಮಿಟ್ಟಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಲ್ಲರಿಗೂ ಜಾಕೀಟಿನ ಪಟ್ಟಿ ಬಿಗಿದಳು. ಸಂಗಪ್ಪ ಮಾತ್ರ ಹಾಕಿಕೊಳ್ಳಲಿಲ್ಲ. ಇಸ್ತ್ರಿ ಅಂಗಿ ಮುಚ್ಚಿಹೋಗುತ್ತಿತ್ತು.

"ರೀ, ಸಾವಕಾಶ" ಎಂದಳು ಸುಮಿತ್ರವ್ವ.

"ಬೀಗರ, ಎಷ್ಟರದು ಇದು?" ಎಂದ ಫಕೀರೇಶಪ್ಪ.

ಈ ಪ್ರಶ್ನೆಗೇ ಸಂಗಪ್ಪ ಮೂರು ತಿಂಗಳು ಕಾದಿದ್ದ. "ನಲವತ್ತು" ಎಂದು ಎಂಜಿನ್ನಿನ ಹಿಡಿಕೆಯನ್ನು ಪೂರ್ತಿ ತಿರುವಿದ.

ಬೋಟಿನ ಮೂತಿ ಆಕಾಶ ನೋಡಿತು. ಜೋಳದ ಚೀಲಗಳು ಸರ್ರನೆ ಹಿಂದಕ್ಕೆ ಜಾರಿದವು, ಅವುಗಳ ಹಿಂದೆ ಮಾನದ ಜಾಗದ ಬೀಗಿತಿಯೂ ಜಾರಿ ಗಂಡನ ಮೇಲೆ ಬಂದು ಬಿದ್ದಳು. ಸಂಗಪ್ಪನಿಗೆ ಎದುರಿನ ನೀರೇ ಕಾಣಲಿಲ್ಲ, ಕಂಡದ್ದು ಬೋಟಿನ ಹೊಟ್ಟೆ ಮತ್ತು ಮೋಡ. ದಂಡೆಯ ಮಂದಿ "ಹರಿಗೋಲು! ಹರಿಗೋಲು!" ಎಂದು ಕೂಗಿದ್ದು ಅವನಿಗೆ ಜಯಕಾರದಂತೆ ಕೇಳಿಸಿತು. ಎದುರಿಗೇ ಹರಿಗೋಲೊಂದು ಇದೆ ಎಂದು ತಿಳಿದದ್ದೇ, ಎಂಜಿನ್ ಒಮ್ಮೆಲೇ ಬಂದ್ ಮಾಡಿದ.

ಹರಿಗೋಲಿಗೆ ಏನೂ ಆಗಲಿಲ್ಲ. ಬೋಟು ನಿಂತಿತು, ಅದು ಎಬ್ಬಿಸಿದ ಅಲೆ ನಿಲ್ಲಲಿಲ್ಲ. ಹಿಂದಿನಿಂದ ಬಂದು, ಎಂಜಿನ್ನಿನ ಭಾರಕ್ಕೆ ತಗ್ಗಿದ್ದ ಹಲಗೆಯನ್ನು ಹತ್ತಿ ಪೂರ್ತಿ ಒಳಗೆ ಇಳಿಯಿತು. ಎಣಿಸಿ ಹತ್ತು ಅನ್ನುವಷ್ಟರಲ್ಲಿ ನಲವತ್ತು ಎಚ್‌ಪಿ ನೀರಿನಡಿ ಕೂತಿತು. ಬೋಟಿನ ಮೂತಿಯೊಂದು ಮೇಲೆ ಉಳಿಯಿತು. ಪುಣ್ಯಕ್ಕೆ ಅಲ್ಲಿ ಎದೆಮಟ್ಟದ ನೀರು.

ಹರಿಗೋಲಿನವನು ತಿರಕಪ್ಪ. ಅವನು ಅವಸರವಿಲ್ಲದೆ ಹುಟ್ಟು ಹಾಕುತ್ತ ಬಂದು ಮೊದಲು ಬೀಗಿತಿಯನ್ನು, ಆಮೇಲೆ ಸುಮಿತ್ರವ್ವನನ್ನು, ಆಮೇಲೆ ಫಕೀರೇಶಪ್ಪನನ್ನು ಎತ್ತಿ ಕೂರಿಸಿಕೊಂಡ. ಸಂಗಪ್ಪ ಬೋಟಿನ ಮೂತಿ ಹಿಡಿದು ನಿಂತೇ ಇದ್ದ. ಬಿಟ್ಟರೆ ಎಂಜಿನ್ ಎಲ್ಲಿ ಸರಿದುಹೋಗುತ್ತದೋ ಎಂಬ ಭಯ, ದಂಡೆಗೆ ಹೋದರೆ ಐವತ್ತು ಮಂದಿಯ ಮುಖ ನೋಡಬೇಕಲ್ಲ ಎಂಬ ಅದಕ್ಕಿಂತ ದೊಡ್ಡ ಭಯ.

ತಿರಕಪ್ಪ ನಗಲಿಲ್ಲ. ನಕ್ಕಿದ್ದರೆ ಸಂಗಪ್ಪ ಬಯ್ದು ಹಗುರಾಗುತ್ತಿದ್ದ.

"ಸಾವ್ಕಾರ್ರ, ನನ್ನ ಬೋರಿಗೂ ನೀವು ಹಿಂಗ ಮಾಡಿದ್ರಿ" ಎಂದ. "ಒಳಗ ಐದ ಎಚ್‌ಪಿಗೆ ಆಗೂವಷ್ಟು ನೀರಿತ್ತು. ಏಳೂವರಿ ಇಳಿಸಿದ್ರಿ. ಹತ್ತ ನಿಮಿಷಕ್ಕ ನೀರೆಲ್ಲಾ ಜಗ್ಗಿ ಮುಗಸ್ತಿತ್ತು, ಆಮ್ಯಾಲ ಒಣಾ ತಿರಗಿ ಸುಡ್ತಿತ್ತು. ಮೂರು ಸಲ ಸುಟ್ರೂ ವೋಲ್ಟೇಜ್ ಅಂದ್ರಿ. ಒಮ್ಮೆರ ಬಂದು ನೀರ ಎಷ್ಟೈತಿ ಅಂತ ನೋಡ್ಲಿಲ್ಲ."

ಸಂಗಪ್ಪನಿಗೆ ಆ ತಣ್ಣನೆಯ ನೀರಿನಲ್ಲೂ ಮೈ ಬಿಸಿಯಾಯಿತು. ನಾಚಿಕೆಯಾಯಿತು, ಬೇರೆ ಹೆಸರು ಅದಕ್ಕಿಲ್ಲ. ಮೂರು ಮೋಟಾರು ಮಾರಿ ಒಬ್ಬನ ಹೊಲದ ನೀರು ನಿಲ್ಲಿಸಿದ್ದು ತಾನೇ ಎಂದು ಅವನಿಗೆ ಈಗ ಗೊತ್ತಾಗುತ್ತಿತ್ತು.

"ತಿರಕಪ್ಪಾ, ಬಂದಂತೂ ಬಂದೇವಿ. ಅತ್ಲಾಗ ಒಂದ ಸುತ್ತು ಹಾಕಿ ಬರೂಣ?" ಎಂದಳು ಸುಮಿತ್ರವ್ವ. ಡಬ್ಬಿಯೊಳಕ್ಕೆ ನೀರು ಹೋಗಿರಲಿಲ್ಲ. ಹರಿಗೋಲು ಸದ್ದಿಲ್ಲದೆ ತಿರುಗಿ ಹೋಯಿತು. ಬೀಗರು ನಡುನೀರಿನಲ್ಲಿ ಕೂತು ಗಿರಮಿಟ್ಟು ತಿಂದರು, ಬೀಗಿತಿ ನಗುವುದು ಸಂಗಪ್ಪನಿಗೆ ಅಲ್ಲಿಯವರೆಗೂ ಕೇಳಿಸಿತು. ಸುಮಿತ್ರವ್ವ ಕೇಳಿದ್ದು ಇಷ್ಟೇ ಆಗಿತ್ತು.

ಸೋಮವಾರ ಅಂಗಡಿ ತೆರೆಯಲು ಅವನಿಗೆ ಮನಸ್ಸಿರಲಿಲ್ಲ, ತೆರೆದ. ಶಿಗ್ಲಿಯಿಂದ ಮೌನೇಶ ಎಂಬ ರೈತ ಬಂದು ಕುರ್ಚಿ ಎಳೆದುಕೊಂಡ. "ಹೊಸಾ ಬೋರಿಗೆ ಮೋಟಾರ ಬೇಕಾಗಿತ್ರಿ."

ಸಂಗಪ್ಪ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದ: "ಒಳಗ ನೀರ ಎಷ್ಟೈತಿ?"

"ಒಂದೂವರಿ ಇಂಚು."

"ಹಂಗಾರ ಐದು ಎಚ್‌ಪಿ ಸಾಕು. ಅದಕಿಂತ ದೊಡ್ಡದು ಇಳಸಬ್ಯಾಡ."

ಮೌನೇಶ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಐದ? ನಮ್ಮಪ್ಪಗ ನೀವ ಹೇಳಿದ್ರಿ ಅಲ್ರಿ, ಒಂದ ನಂಬರ್ ಜಾಸ್ತಿ ಇರಬೇಕಂತ. ನಮ್ಮ ಊರಾಗ ಕೂಸಿಗೂ ಗೊತ್ತೈತಿ."

"ನಾ ಹೇಳಿದ್ದು ತಪ್ಪು."

"ನಿನ್ನೆ ನೀರಾಗ ಬಿದ್ದಿದ್ರಂತ" ಎಂದ ಮೌನೇಶ ಕನಿಕರದಿಂದ. "ಸ್ವಲ್ಪ ದಿನ ಆರಾಮ ಮಾಡ್ರಿ."

ಎದ್ದು ಹೋದ. ಎದುರಿನ ಮೋಟಾರು ಅಂಗಡಿಯ ಆಳುಗಳು ಮೌನೇಶನ ಟಂಟಂ ಗಾಡಿಗೆ ಏಳೂವರೆಯ ಮೋಟಾರು ಹೇರುವುದನ್ನು ಸಂಗಪ್ಪ ತನ್ನ ಬೋರ್ಡಿನ ಕೆಳಗೆ ನಿಂತು ನೋಡಿದ.