ಲಕ್ಷ್ಮೀಪತಿ ಕೂಗಿದ ಮಾತು

ಸಿರಾ ಬೈಪಾಸಿನಲ್ಲಿ ಪಂಚರ್ ಅಂಗಡಿ ಇಟ್ಟವನಿಗೆ ಕೈ ಎಷ್ಟು ಗಟ್ಟಿ ಇರಬೇಕೋ ಗಂಟಲೂ ಅಷ್ಟೇ ಗಟ್ಟಿ ಇರಬೇಕು. ಲಾರಿಗಳು ಒಂದರ ಹಿಂದೊಂದು ಗುಡುಗಿಕೊಂಡು ಹೋಗುವ ರಸ್ತೆ ಅದು. ಮೆಲ್ಲಗೆ ಆಡಿದ ಮಾತು ಆಡಿದವನ ಮೂಗಿನ ತುದಿಯನ್ನೂ ದಾಟುವುದಿಲ್ಲ. ಭೀಮರಾಜುವಿಗೆ ಎರಡೂ ಇದ್ದವು. ಬುಕ್ಕಾಪಟ್ಟಣದ ಕಡೆಯ ಕುರುಚಲು ಕಾಡಿನ ಮಗ್ಗುಲಲ್ಲಿ ಹುಟ್ಟಿ, ಮೀಸೆ ಮೂಡುವ ಮುಂಚೆ ಲಾರಿ ಕ್ಲೀನರ್ ಆಗಿ, ಟೈರಿನ ಮೇಲೆ ಕೂತು ಉಂಡು, ಟೈರಿಗೆ ತಲೆಯಿಟ್ಟು ಮಲಗಿ, ಕೊನೆಗೆ ಟೈರನ್ನೇ ಕಸುಬು ಮಾಡಿಕೊಂಡವನು. ಮನೆಗೆ ಹೋದ ಮೇಲೂ ಹೆಂಡತಿ ಮಂಜಮ್ಮನ ಜೊತೆ ಕೂಗಿಕೊಂಡೇ ಮಾತಾಡುತ್ತಿದ್ದ. "ನಾನೇನ್ ಲಾರಿನಾ? ವಸಿ ಮೆಲ್ಲಗೆ ಮಾತಾಡಿ" ಎಂದು ಅವಳು ಬೈದರೆ ಅದಕ್ಕೂ ಕೂಗಿಕೊಂಡೇ ನಗುವನು.

ಅಂಗಡಿಯ ಇನ್ನರ್ಧ ಲಕ್ಷ್ಮೀಪತಿ. ಪಾವಗಡದಾಚೆ, ಆಂಧ್ರಕ್ಕೆ ಅಂಟಿಕೊಂಡ ಹಳ್ಳಿಯವನು. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಆ ಊರಿಗೆ ಪಕ್ಕದ ರಾಜ್ಯದ ಒಗ್ಗರಣೆ ವಾಸನೆ ಬರುತ್ತದೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಕೆಲಸ ಕೇಳಿಕೊಂಡು ಬಂದವನು ವರ್ಷಗಳು ಕಳೆದಂತೆ ಪಾಲುದಾರನಾದ; ಬೋರ್ಡಿನ ಮೇಲೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬಂತು. ಸಿರಾದವನ ಹಾಗೆಯೇ ಕನ್ನಡ ಆಡುತ್ತಿದ್ದ. ಅವನ ತಾಯಿ ಚಿಕ್ಕಹನುಮಕ್ಕ ಫೋನ್ ಮಾಡಿದಾಗ ಮಾತ್ರ ತೆಲುಗಿಗೆ ಇಳಿದುಬಿಡುವನು. ಒಂದಕ್ಷರವೂ ತಿಳಿಯದ ಭೀಮರಾಜು "ಏನ್ಲಾ ಅದು, ಡಬ್ಬಿಲಿ ಗೋಲಿ ಹಾಕಿ ಅಲ್ಲಾಡ್ಸ್ದಂಗೆ" ಎಂದು ರೇಗಿಸುವನು. ಒಮ್ಮೆ ಆ ತಾಯಿ ಅಂಗಡಿ ನೋಡಲು ಬಂದಿದ್ದಾಗ ಭೀಮರಾಜುವಿನ ಎರಡೂ ಕೈ ಹಿಡಿದು, "ನನ್ ಮಗನ್ನ ನಿನ್ ಕೈಗ್ ಹಾಕಿವ್ನಿ ನಾಯನಾ" ಅಂದಿದ್ದಳು. ಅವತ್ತಿನಿಂದ ಲಕ್ಷ್ಮೀಪತಿಗೆ ಜ್ವರ ಬಂದರೂ ಭೀಮರಾಜುವಿಗೆ ಅಪರಾಧ ಮಾಡಿದ ಹಾಗೆ ಆಗುತ್ತಿತ್ತು.

ಸಣ್ಣಪುಟ್ಟ ಗಾಡಿಗೆ ಒಬ್ಬನೇ ಗಾಳಿ ಹೊಡೆದರೆ ಸಾಕು. ಮೊಂಡು ಟೈರು ಬಂದಾಗ ಮಾತ್ರ ಇಬ್ಬರು ಬೇಕು. ಕಂಪ್ರೆಸರ್ ಒಳಗಿತ್ತು, ಅದರ ನಲ್ಲಿಯೂ ಗಾಳಿಯ ಒತ್ತಡ ತೋರಿಸುವ ಮುಳ್ಳೂ ಒಳಗಿನ ಗೋಡೆಗಿದ್ದವು. ಚಕ್ರ ಹೊರಗಿನ ಸಿಮೆಂಟಿನ ಮೇಲೆ. ಒಳಗಿದ್ದವನಿಗೆ ಚಕ್ರ ಕಾಣದು, ಹೊರಗಿದ್ದವನಿಗೆ ಮುಳ್ಳು ಕಾಣದು. ನಡುವೆ ಇದ್ದದ್ದು ಬರೀ ಕೂಗು. ಹೊರಗಿನವನು "ಚಾಲು" ಅಂದರೆ ಒಳಗಿನವನು ನಲ್ಲಿ ತಿರುಗಿಸಿ ಗಾಳಿ ಬಿಡಬೇಕು, "ಬಂದ್" ಅಂದರೆ ನಿಲ್ಲಿಸಬೇಕು. ಸಿರಾದ ಹಳೇ ಮಿಸ್ತ್ರಿಗಳಿಂದ ಬಂದ ಪದ್ಧತಿ ಇದು. ಆ ಊರಲ್ಲಿ ಮೋಟರ್ ಚಾಲು ಆಗುತ್ತದೆ, ಅಂಗಡಿ ಬಂದ್ ಆಗುತ್ತದೆ, ಎಲ್ಲರಿಗೂ ಗೊತ್ತಿರುವ ಮಾತೇ. ಇಷ್ಟು ವರ್ಷ ಒಂದು ಸಲವೂ ಎಡವಟ್ಟಾಗಿರಲಿಲ್ಲ.

ಆ ಮಧ್ಯಾಹ್ನ ಮಧುಗಿರಿಯ ಕಂಟ್ರಾಕ್ಟರ್ ನರಸಿಂಹರಾಜು ತನ್ನ ದೊಡ್ಡ ಟೂರಿಂಗ್ ಬೈಕಿನಲ್ಲಿ ಬಂದ. ಬೈಕೋ, ಕೋಣವೋ ಅನ್ನುವ ಹಾಗಿತ್ತು. ಎರಡು ಕಡೆ ಪೆಟ್ಟಿಗೆ, ಹಿಂದೆ ಒರಗಿಕೊಳ್ಳಲು ದಿಂಬು. ಹಿಂದಿನ ಸೀಟಿಗೆ ಒಂದು ಕಾರಿನ ಟೈರು ಕಟ್ಟಿಕೊಂಡಿದ್ದ. ಯಾರದೋ ಕಾರಿಗೆ ಇರಬೇಕು ಅಂದುಕೊಂಡ ಭೀಮರಾಜು.

"ಇದನ್ನ ಹಿಂದ್ಗಡೆ ಚಕ್ರಕ್ಕೆ ಹಾಕ್ಬೇಕು ಭೀಮರಾಜು," ಅಂದ ನರಸಿಂಹರಾಜು.

"ಯಾತರ ಹಿಂದ್ಗಡೆ ಚಕ್ರಕ್ಕೆ ಸಾರ್?"

"ಇದೇ ಬೈಕಿಂದು ಕಣಯ್ಯ. ಲಡಾಖಿಗೆ ಹೊಂಟಿದ್ದೀನಿ. ಬೈಕಿನ ಟೈರು ಹೋಗಿ ಬರೋದ್ರೊಳಗೆ ನಡುಮಧ್ಯೆ ಸವೆದು ಬೋಳಾಗ್ತದೆ. ಕಾರಿಂದಾದ್ರೆ ಮೂರು ಪಟ್ಟು ಬಾಳಿಕೆ. ಫಾರಿನ್ನಲ್ಲಿ ಎಲ್ಲಾ ಇದನ್ನೇ ಹಾಕೋದು." ಫೋನು ತೆಗೆದು ಒಂದು ವಿಡಿಯೋ ತೋರಿಸಿದ. ಬಿಳಿ ಗಡ್ಡದ ದೊರೆಯೊಬ್ಬ ಕಾರಿನ ಟೈರು ಹಾಕಿದ ಬೈಕಿನ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. ದುಡಿಯುವ ಬೈಕಿಗೆ ಇರುವ ಟೈರು ಸವೆದರೆ ತೇಪೆ ಹಾಕಿಸುವ ಊರು ನಮ್ಮದು. ಸುತ್ತುವ ಬೈಕಿಗೆ ಎಂಥೆಂಥ ಚಿಂತೆ ನೋಡಿ.

ಭೀಮರಾಜು ತಲೆಯಾಡಿಸಿದ. "ಬ್ಯಾಡ ಸಾರ್. ಬೈಕಿನ ಟೈರು ಕೊಡದ ತಳ ಇದ್ದಂಗೆ ಗುಂಡಗಿರ್ತದೆ. ತಿರುವಲ್ಲಿ ಗಾಡಿ ವಾಲ್ಬೇಕಲ್ಲ, ಅದಕ್ಕೆ. ಇದು ಮಣೆ ಇದ್ದಂಗೈತೆ. ಮಣೆ ಎಲ್ಲಾರ ವಾಲ್ತದಾ? ಅಲ್ದೆ ಇದರ ಅಂಚೇ ಬ್ಯಾರೆ, ನಿಮ್ ರಿಮ್ಮಿನ ಕಚ್ಚೇ ಬ್ಯಾರೆ. ಕೂರಲ್ಲ ಅದು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಲಕ್ಷ್ಮೀಪತಿ ಆಗಲೇ ಟೈರನ್ನು ಸೀಟಿನಿಂದ ಬಿಚ್ಚಿ ನೆಲಕ್ಕಿಟ್ಟು, ಗೇಣು ಹಾಕಿ ಅಳೆಯುತ್ತಿದ್ದ. ಹೊಸ ಥರದ ಕೆಲಸ ಕಂಡರೆ ಅವನಿಗೆ ಹಸಿವೂ ಆಗದು, ಬಾಯಾರಿಕೆಯೂ ಆಗದು. "ಒಂದ್ಸಲ ನೋಡಾನ ಭೀಮಣ್ಣ. ಕೂರ್ಲಿಲ್ಲ ಅಂದ್ರೆ ಬಿಚ್ ಕೊಟ್ಬುಡಾನ," ಅಂದ. ಆ ಮುಖ ನೋಡಿ ಭೀಮರಾಜುವಿಗೆ ಇಲ್ಲ ಅನ್ನಲಾಗಲಿಲ್ಲ. ಒಳ್ಳೆಯವನ ಬಾಯಿಂದ ಬರಬೇಕಾದ ಹೊತ್ತಿಗೆ ಬಾರದ 'ಇಲ್ಲ' ಎಷ್ಟು ಮನೆ ಹಾಳು ಮಾಡಿದೆಯೋ, ಲೆಕ್ಕ ಇಟ್ಟವರಿಲ್ಲ.

ಚಕ್ರ ಕಳಚಿದರು, ಹಳೇ ಟೈರು ಕಿತ್ತರು, ಕಬ್ಬಿಣದ ಪಟ್ಟಿ ಹಾಕಿ ಮೀಟಿ ಮೀಟಿ ಕಾರಿನ ಟೈರನ್ನು ರಿಮ್ಮಿನೊಳಗೆ ತುರುಕಿದರು. ಬೆವರು ಕಿತ್ತುಕೊಂಡು ಬಂತು. ಇಷ್ಟಾದ ಮೇಲೆ ಗಾಳಿಯ ಕೆಲಸ. ಗಾಳಿ ತುಂಬಿದಂತೆ ಟೈರಿನ ಅಂಚು ಉಬ್ಬಿ ರಿಮ್ಮಿನ ಕಚ್ಚಿಗೆ ಹೋಗಿ ಕೂರಬೇಕು. ಕೂತಾಗ ಟಪ್ ಎಂದು ಸದ್ದಾಗುತ್ತದೆ. ಈ ಕಡೆ ಒಂದು, ಆ ಕಡೆ ಒಂದು. ಆ ಎರಡು ಸದ್ದು ಕೇಳಿದರೆ ಕೆಲಸ ಮುಗಿದಂತೆ.

ನರಸಿಂಹರಾಜು ಎದುರಿಗಿದ್ದ ಜಯರಾಮಯ್ಯನ ಟೀ ಅಂಗಡಿಗೆ ಹೋದ. ಭೀಮರಾಜು ಒಳಗೆ ನಲ್ಲಿಯ ಹತ್ತಿರ ನಿಂತ. ಲಕ್ಷ್ಮೀಪತಿ ಹೊರಗೆ ಚಕ್ರದ ಮೇಲೆ ಬಗ್ಗಿ ಸೋಪಿನ ನೀರು ಸವರಿ "ಚಾಲು" ಎಂದು ಕೂಗಿದ. ಗಾಳಿ ಹೋಯಿತು. ಒಂದು ಸದ್ದು ಬಂತು. ಎರಡನೆಯದು ಬರಲಿಲ್ಲ. "ಬಂದ್" ಅಂದ. ಗಾಳಿ ಇಳಿಸಿ, ಮತ್ತೆ ಸೋಪು ಸವರಿ, ಮತ್ತೆ "ಚಾಲು" ಅಂದ. ಮುಳ್ಳು ಬೈಕಿನ ಅಳತೆ ದಾಟಿತು, ಕಾರಿನ ಅಳತೆಯೂ ದಾಟಿತು. ಭೀಮರಾಜು ತಾನಾಗಿಯೇ ನಲ್ಲಿ ಮುಚ್ಚಿ, "ಸಾಕ್ ಬುಡ್ಲಾ, ಇದು ಕೂರೋ ಜಾತಿ ಅಲ್ಲ" ಎಂದು ಕೂಗಿದ.

"ಇನ್ನೊಂಚೂರು ಭೀಮಣ್ಣ. ಅಂಚು ಸರೀತಾ ಐತೆ. ಚಾಲು ಮಾಡು."

ಮಾಡಿದ. ಹೊರಗೆ ಲಾರಿಯೊಂದು ಹಾರನ್ ಎಳೆದುಕೊಂಡು ಹೋಯಿತು. ಅದರ ಹಿಂದೆಯೇ ಲಕ್ಷ್ಮೀಪತಿಯ ದನಿ, ಯಾವತ್ತೂ ಇಲ್ಲದಷ್ಟು ಎತ್ತರದಲ್ಲಿ, ಒಂದರ ಮೇಲೊಂದು ಬಂತು: "ಚಾಲು, ಚಾಲು, ಚಾಲು."

ಕೂರುತ್ತಿದೆ ಎಂದುಕೊಂಡ ಭೀಮರಾಜು. ಅವನ ಖುಷಿಯ ದನಿ ಕೇಳಿ ತಾನೂ ಒಳಗೊಳಗೇ ನಕ್ಕ. ನಲ್ಲಿಯನ್ನು ಪೂರ್ತಿ ತಿರುಗಿಸಿದ.

ಕೇಳಿದ ಸದ್ದು ಟಪ್ ಎನ್ನುವುದಲ್ಲ. ಟೀ ಅಂಗಡಿಯ ಗಾಜಿನ ಲೋಟಗಳು ಉರುಳಿದವು. ಭೀಮರಾಜು ಹೊರಗೆ ಓಡಿ ಬಂದಾಗ ರಿಮ್ಮು ಸೀಳಿತ್ತು, ಟೈರು ರಸ್ತೆಯ ಆಚೆ ಬಿದ್ದಿತ್ತು, ಲಕ್ಷ್ಮೀಪತಿ ಗೋಡೆಗೆ ಒರಗಿ ಕೂತಂತೆ ಇದ್ದ. ಎದೆ ಒಳಕ್ಕೆ ಹೋಗಿತ್ತು. ಗದ್ದ ಇರಲಿಲ್ಲ. ಕಣ್ಣು ತೆರೆದಿದ್ದವು, ಭೀಮರಾಜುವನ್ನೇ ನೋಡುತ್ತಿದ್ದವು, ಏನೋ ಕೇಳುತ್ತಿರುವ ಹಾಗೆ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ನೋಟವೂ ನಿಂತಿತು. ಭೀಮರಾಜು ದಾರಿಯುದ್ದಕ್ಕೂ ಅವನ ಹೆಸರು ಹಿಡಿದು ಕೂಗಿದ್ದ. ಆಟೋದವನು ಆಮೇಲೆ ಹೇಳಿದ, ಅಂಥ ಕೂಗು ತಾನು ಕೇಳಿಲ್ಲ ಎಂದು.

ಪೊಲೀಸರು ಬಂದು ಕೇಳಿದರು. ಭೀಮರಾಜು ನಡೆದದ್ದನ್ನು ನಡೆದ ಹಾಗೆ ಹೇಳಿದ. ನಾನು ಸಾಕು ಅಂದೆ, ಅವನೇ ಇನ್ನೊಂಚೂರು ಅಂದ, ಆಮೇಲೂ ಅವನೇ ಚಾಲು ಚಾಲು ಅಂತ ಕೂಗಿದ. ಜಯರಾಮಯ್ಯ ಎದುರು ಅಂಗಡಿಯಿಂದ ಆ ಕೂಗು ತಾನೂ ಕೇಳಿದ್ದಾಗಿ ಸಾಕ್ಷಿ ನುಡಿದ. "ಅವನೇ ಚಾಲು ಅಂದ್ಮ್ಯಾಲೆ ನಿಂದೇನ್ ತಪ್ಪೈತೆ ಕಣ್ಲಾ" ಎಂದು ಬೆನ್ನು ಸವರಿದ. ನರಸಿಂಹರಾಜು ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದು, ಬೈಕನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಹೋದ. ಬೈಪಾಸಿನವರೆಲ್ಲ ಅದನ್ನೇ ಹೇಳಿದರು: ಪಾಪ, ಅವನ ಹಣೆಬರಹ, ಭೀಮರಾಜುದೇನೂ ಇಲ್ಲ. ಭೀಮರಾಜು ಬಂದವರಿಗೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳುವನು, 'ಅವನೇ ಚಾಲು ಅಂದ' ಎನ್ನುವಲ್ಲಿಗೆ ಬಂದಾಗ ದನಿ ಏರಿಸುವನು. ಆ ಒಂದು ಮಾತು ಇಲ್ಲದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಊರಿನವರು ಹೇಳಿದ್ದು ಸಾಲಲಿಲ್ಲ ಅವನಿಗೆ. ಮಗನನ್ನು ಕೈಗೆ ಹಾಕಿದವಳು ಹೇಳಬೇಕಿತ್ತು. ಮಣ್ಣು ಮಾಡಿದ ದಿನ ಚಿಕ್ಕಹನುಮಕ್ಕನ ಹತ್ತಿರ ಹೋಗಲು ಆಗಿರಲಿಲ್ಲ. ಆಕೆಗೆ ಪ್ರಜ್ಞೆಯೇ ಇರಲಿಲ್ಲ. ನನ್ನ ಕೈಯಿಂದಲೇ ಮಗ ಹೋದ ಎಂದು ಆಕೆ ತಿಳಿದಿದ್ದರೆ? ಅದೊಂದೇ ಅವನನ್ನು ಹುಳದಂತೆ ಕೊರೆಯಿತು. ತಿಥಿಗೆ ಹೊರಟಾಗ ಮಂಜಮ್ಮ ಹೇಳಿದಳು, "ಆಯಮ್ಮನ ಮುಂದೆ ಆ ಮಾತು ಎತ್ಬ್ಯಾಡಿ. ಸತ್ತೋನ ಮ್ಯಾಲೆ ತಪ್ಪು ಹೊರ್ಸ್ದಂಗಾಯ್ತದೆ." ಭೀಮರಾಜು ಹೂಂ ಅಂದ. ಮಧುಗಿರಿ ದಾಟಿ ಪಾವಗಡದ ಬಸ್ಸಿನಲ್ಲಿ ಕೂತಾಗ ಮಾತ್ರ ಅದನ್ನೇ ಹೇಗೆ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತಾ ಹೋದ.

ಚಿಕ್ಕಹನುಮಕ್ಕ ಜಗಲಿಯ ಮೇಲೆ ಹೆಂಗಸರ ನಡುವೆ ಕೂತಿದ್ದಳು. ಕಾಲಿಗೆ ಬಿದ್ದವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ಅವನ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ತಿರುಗಿಸಿ ನೋಡಿ, "ನಿಂಗೇನೂ ಆಗ್ಲಿಲ್ವಾ ನಾಯನಾ?" ಎಂದು ಕೇಳಿದಳು. ಭೀಮರಾಜು ಅತ್ತುಬಿಟ್ಟ. ಅಷ್ಟು ಕರುಣೆಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಕಡೇಗೆ ಏನಾರ ಅಂದ್ನಾ ನನ್ ಮಗ?"

ಮಂಜಮ್ಮನ ಮಾತು ಮರೆತೇ ಹೋಯಿತು. "ಚಾಲು ಚಾಲು ಅಂತ ಕೂಗ್ದ ಕಣವ್ವ," ಅಂದ.

ಅವಳ ಕೈ ಅಲ್ಲಾಡದೆ ನಿಂತಿತು. "ಚಾಲು ಅಂದ್ನಾ?"

"ಹೂಂ ಕಣವ್ವ. ಒಂದ್ಸಲ ಅಲ್ಲ, ಮೂರ್ ಸಲ ಅಂದ."

"ನಿಂಗೆ ಕೇಳಿಸ್ಲಿಲ್ವಾ?"

"ಕೇಳುಸ್ತಲ್ಲವ್ವ. ಗಟ್ಟಿಯಾಗೇ ಕೂಗ್ದ. ಎದುರಂಗಡಿ ಜಯರಾಮಯ್ಯಂಗೂ ಕೇಳುಸ್ತು. ಬೇಕಾರೆ ಅವನ್ನೇ ಕೇಳು."

ಅವಳು ಅವನ ಕೈಗಳನ್ನು ಬಿಟ್ಟಳು. "ಕೇಳಿಸಿದ್ಮ್ಯಾಕೂ ಯಾಕ್ ನಾಯನಾ ನಿಲ್ಲಿಸ್ಲಿಲ್ಲ?"

ದುಃಖದಲ್ಲಿ ತಲೆ ನೆಟ್ಟಗಿಲ್ಲ ಎಂದುಕೊಂಡ ಭೀಮರಾಜು. ತಿಳಿಹೇಳುವವನ ಹಾಗೆ ಇನ್ನಷ್ಟು ಜೋರಾಗಿ, "ಯಾಕ್ ನಿಲ್ಲಿಸ್ಲಿ ಅವ್ವ, ಅವನೇ ಚಾಲು ಅಂದ್ನಲ್ಲ" ಎಂದ. ಜಗಲಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಯಾರೋ ನೆಂಟ ಬಂದು ಭೀಮರಾಜುವಿನ ರಟ್ಟೆ ಹಿಡಿದು, ಮೊದಲು ಊಟ ಮಾಡು ಬಾ ಎಂದು ಒಳಕ್ಕೆ ಕರೆದುಕೊಂಡು ಹೋದ.

ಪಂಕ್ತಿಯಲ್ಲಿ ಅವನ ಪಕ್ಕಕ್ಕೆ ಒಬ್ಬ ಮುದುಕ ಕೂತಿದ್ದ. ಅನ್ನ ಬಡಿಸುವ ಹುಡುಗಿ ಬಂದು ಎಲೆಗೆ ಒಂದು ಸೌಟು ಹಾಕಿ ಇನ್ನೊಂದನ್ನು ಎತ್ತಿದಳು. ಮುದುಕ ಎಲೆಯ ಮೇಲೆ ಕೈ ಅಡ್ಡ ಹಿಡಿದ. "ಚಾಲು ತಲ್ಲೀ, ಚಾಲು," ಅಂದ.

ಹುಡುಗಿ ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು.

ಭೀಮರಾಜು ಆ ಸೌಟನ್ನೇ ನೋಡಿದ. ಮುಂದಿನ ಎಲೆಯವನೂ ಅದನ್ನೇ ಅಂದ, ಅಲ್ಲಿಯೂ ಸೌಟು ನಿಂತಿತು. ಈ ಮನೆಯ ತೆಲುಗಿನಲ್ಲಿ ಚಾಲು ಅಂದರೆ 'ಸಾಕು' ಎಂದರ್ಥ. ಹಾಕಬೇಡ, ನಿಲ್ಲಿಸು. ಸುಖವಾಗಿದ್ದಾಗ ಮನುಷ್ಯ ಯಾವ ಊರಿನ ಮಾತು ಬೇಕಾದರೂ ಆಡುತ್ತಾನೆ. ಪ್ರಾಣಕ್ಕೆ ಬಂದಾಗ ನಾಲಿಗೆ ಅವ್ವನ ಮನೆಗೇ ಓಡುತ್ತದೆ. ಲಕ್ಷ್ಮೀಪತಿ ರಿಮ್ಮು ಬಾಯಿ ಬಿಡುವುದನ್ನು ಕಂಡು ತನಗೆ ಗೊತ್ತಿದ್ದ ಮೊದಲ ಮಾತಿನಲ್ಲಿ ಪ್ರಾಣ ಬೇಡಿದ್ದ. ಭೀಮರಾಜು ನಕ್ಕು ನಲ್ಲಿ ತಿರುಗಿಸಿದ್ದ. ಅದನ್ನೇ ಊರಿಗೆಲ್ಲ ಸಾರಿದ್ದ, ಪೊಲೀಸರ ಮುಂದೆ ಎದೆಯುಬ್ಬಿಸಿ ಹೇಳಿದ್ದ, ಈಗ ಹೆತ್ತವಳ ಮುಂದೆಯೂ ಮೂರು ಸಲ ಅಂದ ಎಂದು ಎಣಿಸಿ ಕೊಟ್ಟು ಬಂದಿದ್ದ.

ಎಲೆ ಮುಟ್ಟದೆ ಎದ್ದ. ಜಗಲಿಗೆ ಬಂದು ಚಿಕ್ಕಹನುಮಕ್ಕನ ಮುಂದೆ ನೆಲದ ಮೇಲೆ ಕೂತ. ಬೈಪಾಸಿನ ಲಾರಿಗಳನ್ನೇ ಮೀರಿಸುವ ಆ ಗಂಟಲಿನಿಂದ ಮಾತು ಎಷ್ಟು ಸಣ್ಣಗೆ ಬಂತೆಂದರೆ, ಆಕೆ ಕೇಳಿಸಿಕೊಳ್ಳಲು ಬಗ್ಗಬೇಕಾಯಿತು.

"ಅವ್ವ, ನಂಗೊತ್ತಿರ್ಲಿಲ್ಲ. ನಮ್ ಕಡೆ ಆ ಮಾತ್ಗೆ ಬ್ಯಾರೆ ಅರ್ಥ ಐತೆ ಕಣವ್ವ. ನಮ್ ಅಂಗಡೀಲಿ ಅಂಗಂದ್ರೆ ಗಾಳಿ ಬುಡು ಅಂತ. ಅವನೂ ದಿನಾ ಅಂಗೇ ಅಂತಿದ್ದ. ನಾನು ಅದ್ನೇ ಅಂದ್ಕೊಂಡೆ. ನಿನ್ ಮಗ ಸಾಕು ಅಂದಿದ್ದು ನಂಗೆ..."

ಚಿಕ್ಕಹನುಮಕ್ಕ ಕಣ್ಣು ಮುಚ್ಚಿಕೊಂಡು, ಮುಂದಿನದು ಬೇಡ ಎನ್ನುವಂತೆ ಅಂಗೈಯನ್ನು ಅಡ್ಡ ಹಿಡಿದಳು.

"ಚಾಲು ನಾಯನಾ," ಅಂದಳು.

ಭೀಮರಾಜು ನಿಲ್ಲಿಸಿದ.